ಸೀರೆ ಅಗ್ಗವಿರಲಿ, ಹೆಸರು ನಿಜವಿರಲಿ



ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ಹೆಸರಿನಲ್ಲಿಯೇ ಸಂತೆಯಿದೆ. ಲಿಂಗಸುಗೂರು, ಮುದಗಲ್ ದಾಟಿದರೆ ಸೀರೆಗೆ ಹೆಸರಾದ ಇಳಕಲ್ ಸಿಗುತ್ತದೆ. ಈ ಭಾಗದ ಅಂಗಡಿಗಳಲ್ಲಿ ‘ಇಳಕಲ್ ಸೀರೆ’ ಎಂಬ ಒಂದೇ ಹೆಸರಿಗೆ ಎರಡು ಬಗೆಯ ಸೀರೆಗಳಿವೆ. ಒಂದು ಕೈಮಗ್ಗದ್ದು. ಇನ್ನೊಂದು ಅದರ ದಡಿ, ಸೆರಗುಗಳನ್ನು ಅನುಕರಿಸಿ ವಿದ್ಯುತ್ ಮಗ್ಗದಲ್ಲಿ ನೇಯ್ದದ್ದು. ಬೆಲೆಯೂ ಬಹಳ ಕಡಿಮೆ. ಕಾಲೇಜಿನ ಸಮಾರಂಭಕ್ಕೆ ಸೀರೆ ಬೇಕು, ಕೈಯಲ್ಲಿ ಹಣ ಸ್ವಲ್ಪವೇ ಇದೆ. ಅಗ್ಗದ್ದನ್ನು ಕೊಂಡರೆ ತಪ್ಪೇ?

ಮೊದಲು ಬೆಲೆಯ ಗುಟ್ಟು ತಿಳಿಯೋಣ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಬೇಕು. ಇದೇ ಕೊಂಡಿ. ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕು. ಅಗ್ಗದ ಸೀರೆಯಲ್ಲಿ ನಿಮಗೆ ಉಳಿಯುವ ಹಣದಲ್ಲಿ ಈ ದುಡಿಮೆಯ ಕೂಲಿಯೂ ಸೇರಿದೆ.

ಹಾಗೆಂದು ಅದನ್ನು ಉಡುವುದು ಅಪರಾಧವಲ್ಲ. ಚೆಂದ ಕಾಣುವ ಆಸೆ ಸಿರಿವಂತರ ಸೊತ್ತೇನೂ ಅಲ್ಲ. ವಿದ್ಯುತ್ ಮಗ್ಗದವರೂ ದುಡಿದೇ ಉಣ್ಣುವವರು. ತಪ್ಪಿರುವುದು ಸುಳ್ಳು ಹೆಸರಿನಲ್ಲಿ. ಯಂತ್ರದ ಸೀರೆಯನ್ನು ಕೈಮಗ್ಗದ್ದೆಂದು ಮಾರಿದಾಗ ಕೊಂಡವರಿಗೂ ಮೋಸ, ನೇಕಾರರಿಗೂ ಮೋಸ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರ ಕಾಯಿದೆಯಿದೆ. 1999ರ ಭೌಗೋಳಿಕ ಸೂಚನೆಗಳ ಕಾಯಿದೆಯಡಿ ಇಳಕಲ್ ಸೀರೆ ನೋಂದಣಿಯಾಗಿದೆ. ಆದರೂ ಕೊಳ್ಳುವವರು ಪ್ರಶ್ನಿಸದಿದ್ದರೆ ಕಾಯಿದೆ ಅಂಗಡಿಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಇದು ಸೀರೆಯೊಂದರ ಮಾತಲ್ಲ. ಹೆಸರಾಂತ ಕಂಪನಿಗಳ ಹೊಸ ಮಾದರಿಗಳನ್ನು ಹೋಲುವ ಅಗ್ಗದ ಅಂಗಿ, ಕುರ್ತಾಗಳೂ ಇಂದು ಬೇಗ ಬೇಗ ಬಂದು ಹೋಗುತ್ತವೆ. ಅಸಲಿ ಕಂಪನಿಯ ಚೀಟಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆನ್ನುವಂತಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದರೂ ಕಾರ್ಮಿಕರನ್ನು ಕೆಲಸಕ್ಕೆ ಕರೆಸಿದ್ದರು. ಅಲ್ಲಿ ಹೊಲಿಯುತ್ತಿದ್ದುದು ಹೆಸರಾಂತ ವಿದೇಶಿ ಕಂಪನಿಗಳ ಉಡುಪುಗಳನ್ನು.

ಹಾಗಾದರೆ ನೀವೇನು ಮಾಡಬಹುದು? ‘ಇದು ಕೈಮಗ್ಗದ್ದೇ?’ ಎಂದು ಕೇಳಿ. ಒಡಲು, ಸೆರಗು ಕೂಡುವಲ್ಲಿ ಕೊಂಡಿಯ ಸಾಲನ್ನು ಹುಡುಕಿ. 2006ರಲ್ಲಿ ಜಾರಿಗೆ ಬಂದ ಕೈಮಗ್ಗದ ಗುರುತಿನ ಚೀಟಿ ಇದೆಯೇ ನೋಡಿ. ಅಗ್ಗದ್ದನ್ನು ಅಗ್ಗದ್ದೆಂದೇ ತಿಳಿದು ಕೊಳ್ಳಿ. ಕೊಂಡದ್ದನ್ನು ಹಲವು ವರ್ಷ ಉಡಿ. ಗೆಳತಿಯ ಸೀರೆ ‘ನಕಲಿ’ ಎಂದು ಮಾತ್ರ ನಗಬೇಡಿ. ಉತ್ತರ ಹೇಳಬೇಕಾದವರು ಸುಳ್ಳು ಹೇಳಿ ಮಾರಿದವರು, ಅವಳಲ್ಲ.