ಕಾರ್ಖಾನೆಯ ಆಡಳಿತದಲ್ಲಿ ಶಾಸ್ತ್ರದೃಷ್ಟಿ

ಉದ್ಯಮವನ್ನು ನಡೆಯಿಸುವ ಕೆಲಸಕ್ಕೂ ಒಂದು ಶಾಸ್ತ್ರವುಂಟೇ? ಯಜಮಾನನ ಮಗನು ತಂದೆಯ ಮಗ್ಗುಲಲ್ಲಿ ಕುಳಿತು ವ್ಯಾಪಾರವನ್ನು ಕಲಿಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯು ಹುಟ್ಟುತ್ತಿರಲಿಲ್ಲ. ಬಂಡವಾಳವು ಅಸಂಖ್ಯ ಷೇರುದಾರರಲ್ಲಿ ಹಂಚಿಹೋಗಿ, ಒಂದೇ ಕಾರ್ಖಾನೆಯಲ್ಲಿ ಸಹಸ್ರಾರು ಜನ ದುಡಿಯತೊಡಗಿದ ಮೇಲೆ, ಸಂಬಳಕ್ಕೆ ನಿಂತ ಅಧಿಕಾರಿಯೇ ಆಡಳಿತದ ಭಾರವನ್ನು ಹೊರಬೇಕಾಯಿತು. ಅಂಥವನನ್ನು ಸಿದ್ಧಪಡಿಸುವುದಕ್ಕಾಗಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ 1881ರಲ್ಲಿ ವಾರ್ಟನ್ ಶಾಲೆಯೂ, ಹಾರ್ವರ್ಡಿನಲ್ಲಿ 1908ರಲ್ಲಿ ವ್ಯವಹಾರ ಶಾಲೆಯೂ ಸ್ಥಾಪಿತವಾದುವು. ನಮ್ಮ ದೇಶದಲ್ಲಿ 1961ರಲ್ಲಿ ಕಲ್ಕತ್ತೆ, ಅಹಮದಾಬಾದುಗಳಲ್ಲಿಯೂ, 1973ರಲ್ಲಿ ಬೆಂಗಳೂರಿನಲ್ಲಿಯೂ ಇಂತಹ ಸಂಸ್ಥೆಗಳು ಹುಟ್ಟಿದುವು. ಹೀಗೆ ವಕೀಲಿ, ವೈದ್ಯಗಳಂತೆ ಆಡಳಿತವೂ ಒಂದು ವೃತ್ತಿಯಾಯಿತು. ವೃತ್ತಿಯೆಂದ ಮೇಲೆ ಅದಕ್ಕೆ ಆಧಾರವಾದ ಜ್ಞಾನವು ಎಷ್ಟು ಗಟ್ಟಿಯಾದುದೆಂದು ಕೇಳುವ ಹಕ್ಕು ನಮಗುಂಟು. ಪ್ರಸಿದ್ಧವಾದ ಎರಡು ಪ್ರಯೋಗಗಳನ್ನು ಪರ್ಯಾಲೋಚಿಸೋಣ.

ಮೊದಲನೆಯದು ಫ್ರೆಡರಿಕ್ ಟೇಲರನದು. ಈತನು ಕೈಗಡಿಯಾರವನ್ನು ಹಿಡಿದು ಕೂಲಿಗಾರನ ಒಂದೊಂದು ಚಲನೆಗೂ ಎಷ್ಟು ಹೊತ್ತು ಹಿಡಿಯುವುದೆಂದು ಅಳೆಯಿಸಿದನು. ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ 1899ರಲ್ಲಿ, 92 ಪೌಂಡು ತೂಕದ ಕಬ್ಬಿಣದ ಗಟ್ಟಿಗಳನ್ನು ಬಂಡಿಗೆ ತುಂಬುವ ಕೆಲಸವನ್ನು ಪರೀಕ್ಷಿಸಿ, ದಿನಕ್ಕೆ ಹನ್ನೆರಡೂವರೆ ಟನ್ನು ತುಂಬುತ್ತಿದ್ದವನಿಂದ ನಲವತ್ತೇಳೂವರೆ ಟನ್ನು ತುಂಬಿಸಿದೆನೆಂದು 1911ರ ತನ್ನ ಗ್ರಂಥದಲ್ಲಿ ಹೇಳಿದನು. ಕೂಲಿಯು ಮಾತ್ರ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸವು ಸುಮಾರು ನಾಲ್ಕುಪಟ್ಟು. ಕೂಲಿಯು ಎರಡುಪಟ್ಟೂ ಅಲ್ಲ! ಅದೇ 1911ರಲ್ಲಿ ವಾಟರ್‌ಟೌನಿನ ಸರ್ಕಾರಿ ಆಯುಧಾಗಾರದ ಕೆಲಸಗಾರರು ಈ ಗಡಿಯಾರದ ಪದ್ಧತಿಯನ್ನು ಪ್ರತಿಭಟಿಸಿ ಮುಷ್ಕರ ಹೂಡಿದರು.

ಆ ನಲವತ್ತೇಳೂವರೆ ಟನ್ನಿನ ಲೆಕ್ಕವಾದರೂ ಹೇಗೆ ಬಂದಿತು? ರೆಗೆ, ಪೆರೋನಿ ಎಂಬ ವಿದ್ವಾಂಸರು ಹಳೆಯ ಕಡತಗಳನ್ನು ಶೋಧಿಸಿ 1974ರಲ್ಲಿ ಉತ್ತರವನ್ನು ಕೊಟ್ಟರು. ಬಲಿಷ್ಠರಾದ ಕೆಲವರನ್ನು ಆರಿಸಿ, ಅಲ್ಪಕಾಲ ಭರದಿಂದ ದುಡಿಸಿ, ಅದನ್ನು ಇಡೀ ದಿನಕ್ಕೆ ಗುಣಿಸಿ, ವಿಶ್ರಾಂತಿಗೆಂದು ಅಂದಾಜಿನಿಂದ ಇಷ್ಟನ್ನು ಕಳೆದದ್ದೇ ಆ ಲೆಕ್ಕದ ಮೂಲ. ಶಾಸ್ತ್ರವೆಂದು ಜಗತ್ತು ನಂಬಿದುದರಲ್ಲಿ ಕಥೆಯ ಅಂಶವು ಬಹಳವಾಗಿತ್ತು.

ಎರಡನೆಯದು ಷಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಮಾಲೆ. ದೀಪದ ಬೆಳಕನ್ನು ಹೆಚ್ಚಿಸಿದರೂ ತಗ್ಗಿಸಿದರೂ ಉತ್ಪತ್ತಿಯು ಹೆಚ್ಚಿತೆಂದೂ, ತಮ್ಮನ್ನು ಗಮನಿಸುತ್ತಿರುವರೆಂಬ ಭಾವನೆಯೇ ಇದಕ್ಕೆ ಕಾರಣವೆಂದೂ ಪಠ್ಯಪುಸ್ತಕಗಳು ಬೋಧಿಸಿದುವು. ಟೇಲರನ ಯಂತ್ರದೃಷ್ಟಿಗೆ ಇದು ಒಳ್ಳೆಯ ಮದ್ದಾಯಿತೆಂಬುದು ನಿಜ. ಆದರೆ ಲೆವಿಟ್, ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಮೂಲ ಅಂಕಿಗಳನ್ನು ಪುನಃ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಲೇಖನದಿಂದ, ಬೆಳಕಿನ ಮಾರ್ಪಾಡುಗಳು ಭಾನುವಾರಗಳಲ್ಲಿ ನಡೆಯುತ್ತಿದ್ದುವೆಂದೂ, ಪ್ರಯೋಗವಿರಲಿ ಇಲ್ಲದಿರಲಿ ಸೋಮವಾರ ಉತ್ಪತ್ತಿಯು ಏರುತ್ತಿದ್ದಿತೆಂದೂ ತಿಳಿದುಬಂದಿತು. ಇನ್ನೊಂದು ಕೊಠಡಿಯಲ್ಲಿ ಪರೀಕ್ಷೆಗೆ ಆರಿಸಿದ್ದ ಐವರು ತರುಣಿಯರಲ್ಲಿ ಇಬ್ಬರನ್ನು, ಮಾತು ಹೆಚ್ಚಾಯಿತೆಂದು 1928ರಲ್ಲಿ ಬದಲಾಯಿಸಿದ್ದರೆಂಬುದನ್ನೂ ಮರೆಯಲಾಗದು.

ಇದರಿಂದ ಸಂಶೋಧನೆಯೇ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. ಅದೇ ಹಾಥಾರ್ನಿನಲ್ಲಿ ತಂತಿ ಜೋಡಿಸುತ್ತಿದ್ದ 14 ಮಂದಿ ಗಂಡಸರನ್ನು 1931–32ರಲ್ಲಿ ಸುಮ್ಮನೆ ನೋಡುತ್ತ ಕುಳಿತವರಿಗೆ ಒಂದು ಸಂಗತಿ ಹೊಳೆಯಿತು: ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡಿದ್ದರು. ಅದನ್ನು ಮೀರಿದವನ ತೋಳಿಗೆ ಗುದ್ದು ಬೀಳುತ್ತಿತ್ತು. ಹೆಚ್ಚು ದುಡಿದರೆ ಕೂಲಿಯ ದರವನ್ನು ಇಳಿಸುವರೆಂಬ ಶಂಕೆಯು ಅವರಲ್ಲಿತ್ತು. ಮೇಲಧಿಕಾರಿಯು ಸೋಮಾರಿತನವೆಂದು ಬಗೆಯಬಹುದಾದ ನಡತೆಯ ಹಿಂದೆ ಒಂದು ಲೆಕ್ಕವಿತ್ತು.

ಆಡಳಿತವನ್ನು ವೃತ್ತಿಯಾಗಿ ಕೈಕೊಳ್ಳುವ ತರುಣರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅವರ ಮೇಜಿನ ಮೇಲೆ ಬರುವ ಒಂದೊಂದು ಅಂಕಿಯಿಂದಲೂ ಯಾರದೋ ಕೂಲಿ, ಯಾರದೋ ವಿರಾಮ, ಯಾರದೋ ಉದ್ಯೋಗ ನಿರ್ಣಯವಾಗುತ್ತದೆ. ಆ ಅಂಕಿಯು ಯಾರಿಂದ, ಎಷ್ಟು ದಿನದ ಪರೀಕ್ಷೆಯಿಂದ, ಎಂಥವರನ್ನು ಆರಿಸಿದ್ದರಿಂದ ಬಂದಿತೆಂದು ವಿಚಾರಿಸಿದ ಬಳಿಕವೇ ಆಜ್ಞೆಗೆ ಸಹಿ ಹಾಕುವುದು ಯುಕ್ತ. ಜತೆಗೆ, ಆ ಕೆಲಸವನ್ನು ಮಾಡುವವರನ್ನೇ ಕರೆದು ಒಂದು ಮಾತು ಕೇಳಿದರೆ, ಯಾವ ಗಡಿಯಾರವೂ ತಿಳಿಸದಿದ್ದುದು ತಿಳಿಯಬಹುದು.