ಹಾಲಿಗೆ ಎರಡು ಹೊತ್ತು, ನಮಗೆ ವರ್ಷಕ್ಕೊಂದು ಸಲ



ನಮ್ಮ ಸಂಘದಲ್ಲಿ 25 ವರ್ಷದಿಂದ ಹಾಲಿಗೆ ಎರಡು ಹೊತ್ತೂ ಪರೀಕ್ಷೆ. ಹಾಲು ಕರೆಯೋರ ರಕ್ತಕ್ಕೆ ಯಾವ ಪರೀಕ್ಷೆಯೂ ಇಲ್ಲ. ಆದ್ದರಿಂದ ಕ್ರಿಯಾಟಿನಿನ್ ವಿಚಾರ ಎರಡು ಮಾತು.

ನಮ್ಮ ಮನೆಯದೇ ಹೇಳುತ್ತೇವೆ. ನಮ್ಮಣ್ಣನವರು ಕಬ್ಬಿನ ಗದ್ದೆಯಿಂದ ಬಂದರೆ ಮಂಡಿನೋವು ಅಂತ ನೋವಿನ ಮಾತ್ರೆ ನುಂಗೋರು, ವರ್ಷಗಟ್ಟಲೆ. ಬಿ.ಪಿ. ಇತ್ತು; ಅದರ ಮಾತ್ರೆ ಬಿಟ್ಟಿದ್ದರು. ಕಾಲು ಊದಿದ ಮೇಲೆ ಮೈಸೂರಿಗೆ ಕರೆದೊಯ್ದೆವು. 0.6ರಿಂದ 1.2ರ ಒಳಗೆ ಇರಬೇಕಾದ ಕ್ರಿಯಾಟಿನಿನ್ 7 ದಾಟಿತ್ತು. ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಎರಡು ಹಸು ಮಾರಿದ್ದಾಯಿತು.

ಕ್ರಿಯಾಟಿನಿನ್ ಅಂದರೆ ಮಾಂಸಖಂಡದಲ್ಲಿ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ಸೋಸಿ ಹೊರಗೆ ಹಾಕುತ್ತೆ. ಸೋಸೋದು ಕುಗ್ಗಿದರೆ ರಕ್ತದಲ್ಲಿ ಏರುತ್ತೆ. ಮೋಸ ಇರೋದು ಇಲ್ಲೇ: ಅರ್ಧ ಶಕ್ತಿ ಹೋಗುವವರೆಗೂ ಅಂಕಿ ಸರಿಯಾಗೇ ಕಾಣಬಹುದು. ಬಡಕಲು ಮುದುಕರನ್ನಂತೂ ಇದು ಚೆನ್ನಾಗಿ ಏಮಾರಿಸುತ್ತೆ. ಅದಕ್ಕೇ ವಯಸ್ಸು, ಗಂಡು-ಹೆಣ್ಣು ನೋಡಿ ಲೆಕ್ಕ ಹಾಕುವ ಇ.ಜಿ.ಎಫ್.ಆರ್. ಎಷ್ಟು ಅಂತ ಡಾಕ್ಟರನ್ನು ಕೇಳಿ. ಅದು ಮೂರು ತಿಂಗಳು 60ಕ್ಕಿಂತ ಕೆಳಗೇ ನಿಂತರೆ ಕಾಯಿಲೆ ಅಂತಲೇ ಲೆಕ್ಕ. ಮೂತ್ರದಲ್ಲಿ ಆಲ್ಬುಮಿನ್ ಹೋಗ್ತಿದೆಯಾ ಅಂತಲೂ ನೋಡಿಸಿ. ಬಾಡೂಟದ ಮಾರನೇ ದಿನ ಮಾತ್ರ ರಕ್ತ ಕೊಡಬೇಡಿ, ಅಂಕಿ ಸುಮ್ಮನೆ ಏರಿರುತ್ತೆ!

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಕಡೆ ನಂಟರಿದ್ದರೂ ತಿಳಿಸಿ. ಮಂಡ್ಯದಲ್ಲಿ ಮಿಮ್ಸ್ ಇದೆ, ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಆಸ್ಪತ್ರೆ ಇದೆ. ಸಕ್ಕರೆ ಕಾಯಿಲೆ, ಬಿ.ಪಿ. ಇರೋರು ವರ್ಷಕ್ಕೊಂದು ಸಲವಾದರೂ ಹೋಗಲೇಬೇಕು. ಯಶಸ್ವಿನಿ ಕಾರ್ಡು ಇದೆಯಲ್ಲ ಅಂತ ಕೂರಬೇಡಿ. ಅದು ಮುಖ್ಯವಾಗಿ ಆಪರೇಷನ್ನಿಗೆ ಅಂತ 2003ರಲ್ಲಿ ಶುರುವಾದದ್ದು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಲಾಭದಲ್ಲಿ ಒಂದಿಷ್ಟು ತೆಗೆದು ಡೇರಿ ಮುಂದೆಯೇ ರಕ್ತಪರೀಕ್ಷೆ ಶಿಬಿರ ಮಾಡೋಣ ಅಂತ ನಾವು ವಿಷಯ ಇಡುತ್ತೇವೆ. ದಯಮಾಡಿ ಕೈ ಎತ್ತಿ.