‘ಬರಂಗಿಲ್ಲ’ ಅಂದ್ರೆ ಏನರ್ಥ?

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ: ‘ಬರಂಗಿಲ್ಲ’.

ನಮ್ಮ ಕಿತ್ತೂರು ಹತ್ತಿರದ ದೇಗಾಂವ, ಅದೇ ಕಮಲನಾರಾಯಣ ಗುಡಿ ಇರೋ ಊರು. ಅಲ್ಲಿ ಯಾರಾದರೂ ‘ಅಪ್ಪ ದವಾಖಾನಿಗೆ ಬರಂಗಿಲ್ಲ’ ಅಂದರೆ ಅಪ್ಪ ಬರೋದಿಲ್ಲ, ಒಲ್ಲೆ ಅಂತಾನೆ ಅಂತ ಅರ್ಥ. ಮೈಸೂರು ಕಡೆಯವರ ಕಿವಿಗೆ ಇದೇ ಮಾತು ‘ಬರೋ ಹಾಗಿಲ್ಲ’ ಅಂತ ಕೇಳುತ್ತೆ. ಯಾರೋ ಬೇಡ ಅಂದಿರಬೇಕು, ಇಲ್ಲಾ ಎದ್ದು ಬರೋ ಸ್ಥಿತಿ ಇಲ್ಲ. ಈಗ ಸಹಾಯವಾಣಿಯಲ್ಲಿ ಈ ಮಾತು ಕೇಳಿಸ್ಕೊಳ್ಳೋದು ಒಂದು ಯಂತ್ರ ಅಂದ್ಕೊಳ್ಳಿ. ಒಬ್ಬರಿಗೆ ಬೇಕಿರೋದು ಮನವೊಲಿಸೋ ಮಾತು, ಇನ್ನೊಬ್ಬರಿಗೆ ಮನೆ ಬಾಗಿಲಿಗೆ ಆಂಬುಲೆನ್ಸ್.

ಮಾತಿನ ಅರ್ಥ ಬಿಡಿಸೋ ಹಳೇ ಸಾಧನ ಒಂದಿದೆ, ಫೈನೈಟ್ ಸ್ಟೇಟ್ ಮಷಿನ್. ಹೆಸರು ದೊಡ್ಡದು, ಕೆಲಸ ಸರಳ. ಒಂದಷ್ಟು ಕೋಣೆ, ನಡುವೆ ಬಾಗಿಲು. ‘ಮನೆಗಳಿಂದ’ ತಗೊಳ್ಳಿ. ‘ಮನೆ’ ಓದಿ ಒಂದು ಬಾಗಿಲು ದಾಟುತ್ತೆ, ‘ಗಳು’ ಓದಿ ಇನ್ನೊಂದು, ‘ಇಂದ’ ಓದಿ ಮತ್ತೊಂದು. ಪ್ರತಿ ಬಾಗಿಲಲ್ಲೂ ಒಂದು ಚೀಟಿ ಸಿಗುತ್ತೆ: ವಸ್ತು, ಬಹುವಚನ, ಎಲ್ಲಿಂದ. ‘ಮನೆಯಿಂದಗಳು’ ಅನ್ನೋಕೆ ಬಾಗಿಲೇ ಇಲ್ಲ. ಪ್ರತ್ಯಯ ಪೋಣಿಸ್ತಾ ಹೋಗೋ ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಹಾಗೇ ಪೋಣಿಸೋ ಫಿನ್ನಿಷ್ ಭಾಷೆಗೆ ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲೇ ಇಂಥದ್ದನ್ನ ಮಾಡಿ ತೋರಿಸಿದ್ದರು. ಜಿಬೋರ್ಡ್ ಒಳಗೂ ಈ ಜಾತಿಯ ಯಂತ್ರ ಇದೆ ಅಂತ ಗೂಗಲ್ 2017ರಲ್ಲಿ ಹೇಳಿತ್ತು.

ಸರಿ, ‘ಬರಂಗಿಲ್ಲ’ಕ್ಕೆ ಯಾವ ಚೀಟಿ? ಇದನ್ನ ತಪ್ಪು ಕನ್ನಡ ಅಂತ ತಿದ್ದೋರು ಇದ್ದಾರೆ, ನನಗೆ ನಗು ಬರುತ್ತೆ. ಹೋಗಂಗಿಲ್ಲ, ತಿನ್ನಂಗಿಲ್ಲ, ಮಾಡಂಗಿಲ್ಲ: ಎಷ್ಟು ಶಿಸ್ತು ನೋಡಿ! ಯಂತ್ರಕ್ಕೆ ಒಂದು ಬಾಗಿಲು ಹೆಚ್ಚಿಗೆ ಇಟ್ಟರೆ ಮುಗೀತು. ಕಷ್ಟ ಇರೋದು ಎರಡು ಅರ್ಥದಲ್ಲಿ ಒಂದನ್ನ ಆರಿಸೋದರಲ್ಲಿ. ಈ ಯಂತ್ರಕ್ಕೆ ಬೇರೆ ನೆನಪಿಲ್ಲ, ತಾನು ಯಾವ ಕೋಣೆಯಲ್ಲಿದೀನಿ ಅನ್ನೋದೇ ಅದರ ನೆನಪು. ಹಾಗಾಗಿ ಎಲ್ಲಾ ಕೋಣೆಗಳನ್ನ ಎರಡೆರಡು ಕಟ್ಟಬೇಕು, ಉತ್ತರದ ಸಾಲು, ದಕ್ಷಿಣದ ಸಾಲು. ಮಾತಾಡೋರು ಮೊದಲೇ ‘ಐತಿ’, ‘ಮಳಿ’ ಅಂದಿದ್ದರೆ ಉತ್ತರದ ಸಾಲಿಗೆ ದಾಟಿಸೋದು.

ಆದರೆ ಬೆಂಗಳೂರಲ್ಲಿ ನಾಲ್ಕು ವರ್ಷ ಇದ್ದು ಊರಿಗೆ ಬಂದ ಹುಡುಗ ಎರಡೂ ಬೆರೆಸಿ ಮಾತಾಡ್ತಾನೆ. ಅವನಿಗೆ ಯಾವ ಸಾಲು? ನಾನಾದರೆ ಅಲ್ಲಿ ಊಹೆ ಮಾಡಿಸಲ್ಲ. ಇನ್ನೊಂದೇ ಕೋಣೆ ಕಟ್ಟಿ, ಯಂತ್ರದ ಬಾಯಲ್ಲಿ ಕೇಳಿಸ್ತೀನಿ: ‘ಅಪ್ಪಾರು ಒಲ್ಲೆ ಅಂತಾರೋ, ಏಳಾಕ ಆಗವಲ್ದೋ?’